ಕೊಂಡಿಯೊಳಗಿನ ‘ಮ’

ಈ ಡಬ್ಬಿಯಲ್ಲಿರುವುದು ನಮ್ಮ ಅಜ್ಜಿಯ ಬೆಳ್ಳಿ ನೇವಳ. ಮಾತು ಮುಗಿದ ಮೇಲೆ ಮುಂದಿನ ಸಾಲಿನಿಂದ ಹಿಂದಕ್ಕೆ ದಾಟಿಸುತ್ತೇನೆ, ಕೈಯಲ್ಲಿ ಹಿಡಿದು ನೋಡಿ. ವಾಪಸು ಬಂದರೆ ಸಾಕು.

ಸೊಂಟಕ್ಕೆ ಸಿಕ್ಕಿಸುವ ಕೊಂಡಿಯ ಒಳಮೈಯಲ್ಲಿ, ಸೀರೆಗೆ ತಾಗುವ ಕಡೆ, ಒಂದು ‘ಮ’ ಇದೆ. ಇವತ್ತು ನಾನು ಮಾತಾಡುವುದು ಆ ಒಂದು ಅಕ್ಷರದ ಬಗ್ಗೆ. ಹಾಲ್‌ಮಾರ್ಕಿನ ಚರಿತ್ರೆ ಕೇಳಲು ಬಂದವರು ಕ್ಷಮಿಸಬೇಕು, ಅದನ್ನು ಇಲ್ಲೇ ಮುಗಿಸಿಬಿಡುತ್ತೇನೆ. ಇಂಗ್ಲೆಂಡಿನಲ್ಲಿ ಬೆಳ್ಳಿಗೆ ಚಿರತೆ ತಲೆಯ ಮುದ್ರೆ ಒತ್ತಬೇಕೆಂದು ಕಾನೂನಾದದ್ದು 1300ರಲ್ಲಿ. ನಮ್ಮಲ್ಲಿ ಭಾರತೀಯ ಮಾನಕ ಬ್ಯೂರೋ (ಬಿಐಎಸ್) ಬೆಳ್ಳಿಗೆ ಹಾಲ್‌ಮಾರ್ಕ್ ಶುರು ಮಾಡಿದ್ದು 2005ರಲ್ಲಿ. ಬ್ರಿಟಿಷರ ಕಾಲದಲ್ಲೂ ಇಲ್ಲಿ ಬೆಳ್ಳಿ ಪರೀಕ್ಷಿಸಿ ಮುದ್ರೆ ಒತ್ತುವ ಕಚೇರಿ ಇರಲಿಲ್ಲ. ಕಲ್ಕತ್ತದ ಹ್ಯಾಮಿಲ್ಟನ್ ಕಂಪನಿಯಂಥವರು ಲಂಡನ್ನಿನದನ್ನು ಹೋಲುವ ಗುರುತುಗಳನ್ನು ತಾವೇ ಒತ್ತಿಕೊಂಡರು. ಕಚ್ಛದಲ್ಲಿ ಅಕ್ಕಸಾಲಿ ಊಮರ್ಸಿ ಮಾವಜಿ ‘ಓ.ಎಂ.’, ‘ಭುಜ್’ ಎಂದು ಒತ್ತಿಸಿದ. ಇವೆಲ್ಲ ದೊರೆಗಳ, ದೊರೆಸಾನಿಗಳ ಮೇಜಿನ ಬೆಳ್ಳಿ. ಕುಂದಾಪುರದ ಕಡೆಯ ನೇವಳಕ್ಕೆ ಯಾರು ಮುದ್ರೆ ಒತ್ತುತ್ತಾರೆ?

ಹಾಗಾದರೆ ಈ ‘ಮ’ ಯಾರದು?

ನನ್ನ ತಲೆಗೆ ಈ ಹುಳ ಬಿಟ್ಟವರು ಮುಂಬಯಿ ಕೋಟೆಯ ರಾತ್ರಿ ಶಾಲೆಯ ಕನ್ನಡ ಮಾಸ್ಟ್ರು. ಹಗಲೆಲ್ಲ ಹೋಟೆಲಿನಲ್ಲಿ ಕಪ್ಪುಬಸಿ ತೊಳೆದು ರಾತ್ರಿ ಬೆಂಚಿನ ಮೇಲೆ ತೂಕಡಿಸುತ್ತಿದ್ದವರು ನಾವು. ಈ ಸಭೆಯಲ್ಲಿ ನರೆತ ತಲೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಮಾಸ್ಟ್ರು ಪಾಠ ನಿಲ್ಲಿಸಿ, “ಮಾಣಿ, ಸೋಮನಾಥಪುರಕ್ಕೆ ಹೋದರೆ ದೇವರ ಮುಖ ಆಮೇಲೆ ನೋಡು, ಮೊದಲು ಪೀಠ ನೋಡು” ಎನ್ನುತ್ತಿದ್ದರು. ಹದಿಮೂರನೆಯ ಶತಮಾನದ ಆ ಗುಡಿಯಲ್ಲಿ ರೂವಾರಿ ಮಲ್ಲಿತಮ್ಮ ತಾನು ಕಡೆದ ಮೂರ್ತಿಗಳ ಕೆಳಗೆ ಹೆಸರು ಕೊರೆದಿದ್ದಾನೆ. ಕೆಲವು ಕಡೆ ‘ಮಲ್ಲಿ’, ಕೆಲವು ಕಡೆ ಬರೀ ‘ಮ’. ನೇವಳದ ಕೊಂಡಿ ತಿರುವಿ ನೋಡಿದ ದಿನ ನನಗೆ ಏನನ್ನಿಸಿರಬೇಕು, ಯೋಚಿಸಿ! ಕಲ್ಲಿನವನು ಹೆಸರು ಹಾಕಿದ್ದರೆ ಬೆಳ್ಳಿಯವನು ಏಕೆ ಹಾಕಬಾರದು?

ನೇವಳ ಹಿಡಿದುಕೊಂಡು ಮಾಸ್ಟ್ರ ಮನೆಗೇ ಓಡಿದೆ. ಅವರು ಕನ್ನಡಕ ಹಣೆಗೇರಿಸಿ ನೋಡಿ ನಕ್ಕರು. “ಪಾತ್ರೆಗೆ ಹೆಸರು ಹಾಕಿಸುವುದಿಲ್ಲವೇನೋ? ಮದುವೆ ಮನೆಗೆ ಎರವು ಹೋದ ನೇವಳ ಅದಲುಬದಲಾಗಬಾರದಲ್ಲ. ನಿನ್ನ ಅಜ್ಜಿಯ ಹೆಸರೇನು?” ಅಜ್ಜಿಯ ಹೆಸರೂ ‘ಮ’ದಿಂದಲೇ ಶುರುವಾಗುತ್ತದೆ. ನಾನು ಬಾಯಿ ಮುಚ್ಚಿಕೊಂಡು ಚಹಾ ಕುಡಿದು ಬಂದೆ.

ಮುಂದೆ ಹೊಟ್ಟೆಪಾಡು ನನ್ನನ್ನು ಸೀಪ್ಜ್‌ಗೆ ತಂದಿತು. ನಮ್ಮ ಅಂಧೇರಿಯ ಈ ರಫ್ತು ವಲಯ ಶುರುವಾದದ್ದು 1973ರಲ್ಲಿ, ಆಗ ಎಲೆಕ್ಟ್ರಾನಿಕ್ಸ್‌ಗೆಂದು. ಒಡವೆಯ ಕಾರ್ಖಾನೆಗಳು ಬಂದದ್ದು ಎಂಬತ್ತರ ದಶಕದ ಕೊನೆಗೆ. ಅಂಥ ಒಂದು ಕಾರ್ಖಾನೆಯಲ್ಲಿ ಮಾಲು ಪರೀಕ್ಷಿಸುವ ಮೇಜಿನಲ್ಲಿ ಕೂತೆ. ಅಮೆರಿಕಕ್ಕೆ ಹೋಗುವ ಬೆಳ್ಳಿ ಉಂಗುರದ ಮೇಲೆ ಶುದ್ಧತೆಗೆ 925 ಎಂದು ಒತ್ತಿದರೆ, ಪಕ್ಕದಲ್ಲಿ ಅದಕ್ಕೆ ಜವಾಬ್ದಾರರಾದವರ ಟ್ರೇಡ್‌ಮಾರ್ಕೂ ಇರಬೇಕು, ಅಲ್ಲಿನ ಕಾನೂನು. ನಾವು ಒತ್ತುತ್ತಿದ್ದದ್ದು ಅಲ್ಲಿಯ ಅಂಗಡಿಯವರ ಗುರುತು. ಕಲ್ಲು ಕೂರಿಸಿದ ಬಂಗಾಳದ ಹುಡುಗನದ್ದೂ ಅಲ್ಲ, ಕಾರ್ಖಾನೆಯದ್ದೂ ಅಲ್ಲ. ನೂರು ವರ್ಷ ಕಳೆದು ಯಾರೋ ಮೊಮ್ಮಗಳು ಭೂತಗನ್ನಡಿ ಹಿಡಿದು ‘ಇದನ್ನು ಮಾಡಿದವರು ಸಿಕ್ಕರು’ ಎಂದು ಕುಣಿದಾಳು! ಬ್ರಿಟನ್ನಿನ 1973ರ ಹಾಲ್‌ಮಾರ್ಕ್ ಕಾಯಿದೆ ಇಂಥ ಗುರುತನ್ನು ‘ಮಾಡಿದವನ ಗುರುತು’ ಎನ್ನುವುದಿಲ್ಲ, ಒಡವೆಯನ್ನು ಪರೀಕ್ಷೆಗೆ ಒಪ್ಪಿಸಿದವನ ಗುರುತು ಎನ್ನುತ್ತದೆ. ಪ್ರಾಮಾಣಿಕ ಮಾತು. ಮದ್ರಾಸಿನ ಪಿ. ಆರ್ ಅಂಡ್ ಸನ್ಸ್ ಮುದ್ರೆಯ ಬೆಳ್ಳಿಯನ್ನೂ ಬಡಿದದ್ದು ಗಡಿಯಾರದ ದೊರೆ ಆರ್ ಅಲ್ಲ, ಹೆಸರಿಲ್ಲದ ನಮ್ಮ ಅಕ್ಕಸಾಲಿಗಳು. ನಮ್ಮ ಚಿನ್ನದ ಹಾಲ್‌ಮಾರ್ಕಿನಲ್ಲಿ ಮೊದಲು ಅಂಗಡಿಯ ಗುರುತಾದರೂ ಇತ್ತು. 2021ರಿಂದ ಅದೂ ಹೋಗಿ ಆರು ಅಕ್ಷರ-ಅಂಕಿಗಳ ಒಂದು ಸಂಕೇತ ಬಂದಿದೆ. 2025ರ ಸೆಪ್ಟೆಂಬರಿನಿಂದ ಬೆಳ್ಳಿಗೂ ಬಂತು.

ಹೀಗಾಗಿ ಮುದ್ರೆಯಲ್ಲಿ ಕೈಯ ಹೆಸರು ಇರುವುದಿಲ್ಲ, ಹೊಣೆಯ ಹೆಸರು ಇರುತ್ತದೆ ಎಂದು ಮೂವತ್ತು ವರ್ಷದಿಂದ ವಾದಿಸುತ್ತ ಬಂದಿದ್ದೇನೆ. ಮನೆಯಲ್ಲಿ ಇದನ್ನು ಕೇಳುವವರು ಯಾರೂ ಉಳಿದಿಲ್ಲ, ಅದಕ್ಕೇ ಇಲ್ಲಿಗೆ ಬಂದೆ.

ಆದರೆ ನೇವಳ ನನ್ನ ವಾದಕ್ಕೆ ಬಗ್ಗುವುದಿಲ್ಲ. ನಮ್ಮ ಮನೆಯಲ್ಲಿ ಇದನ್ನು ‘ನಲವತ್ತು ರೂಪಾಯಿ ನೇವಳ’ ಎನ್ನುತ್ತಿದ್ದರು. ಅದು ಬೆಲೆಯಲ್ಲ, ಕರಗಿಸಿದ ನಾಣ್ಯದ ಲೆಕ್ಕ. 1940ಕ್ಕೆ ಮುಂಚಿನ ರೂಪಾಯಿ ಎಂದರೆ ಒಂದು ತೊಲ, 11.66 ಗ್ರಾಂ, ನೂರಕ್ಕೆ 91.7 ಬೆಳ್ಳಿ. ನಲವತ್ತಕ್ಕೆ 466 ಗ್ರಾಂ ಆಗಬೇಕು. ತೂಗಿದರೆ 461. ಆ ಐದು ಗ್ರಾಂ ಅಜ್ಜಿಯ ಸೊಂಟದಲ್ಲಿ ಸವೆಯಿತೋ ಅಕ್ಕಸಾಲಿಯ ಬೂದಿಯಲ್ಲಿ ಉಳಿಯಿತೋ! ಅಕ್ಕಸಾಲಿ ಅಕ್ಕನ ಚಿನ್ನವನ್ನೂ ಬಿಡ ಎಂದವರಲ್ಲವೇ ನಾವು. ಸರಕಾರದ ಖಾತ್ರಿಯ ಮುದ್ರೆ ಈ ಬೆಳ್ಳಿಯ ಮೇಲೂ ಇತ್ತು, ರಾಜನ ತಲೆಯ ರೂಪದಲ್ಲಿ. ಅದನ್ನು ಕುಲುಮೆಗೆ ಹಾಕಿಯೇ ನೇವಳ ಮಾಡಿದ್ದು.

ಹತ್ತು ಪಟ್ಟು ದೊಡ್ಡದು ಮಾಡುವ ಮಸೂರದಲ್ಲಿ ‘ಮ’ವನ್ನು ನೋಡಿದೆ. ಅದು ಅಚ್ಚಿನಲ್ಲಿ ಒಂದೇ ಏಟಿಗೆ ಒತ್ತಿದ್ದಲ್ಲ. ಚುಕ್ಕಿ ಚುಕ್ಕಿಯಾಗಿ ಚಾಣದಿಂದ ಬಡಿದದ್ದು, ಪಾತ್ರೆಗೆ ಹೆಸರು ಹಾಕುವ ಹಾಗೆಯೇ. ಮಾಸ್ಟ್ರು ಗೆದ್ದರು ಎಂದುಕೊಂಡೆ. ಆದರೆ ಅಕ್ಷರದ ಬಾಲ ಬೆಸುಗೆಯ ಅಡಿಗೆ ಹೋಗಿದೆ! ಅಂದರೆ ಕೊಂಡಿ ಕೂಡಿಸುವುದಕ್ಕೆ ಮೊದಲೇ ಬರೆದದ್ದು. ಸೇರಿಸುವ ಮೊದಲು ಅದು ಇದ್ದದ್ದು ಅಕ್ಕಸಾಲಿಯ ಕೈಯಲ್ಲಿ ತಾನೇ? ಅಥವಾ ಎಂದೋ ಮುರಿದ ಕೊಂಡಿಯನ್ನು ಇನ್ಯಾರೋ ಮತ್ತೆ ಬೆಸೆದಿರಬಹುದು. ಬೆಸುಗೆಯ ಬಣ್ಣ ಹೊಸದೋ ಹಳೆಯದೋ ಹೇಳಬಹುದಿತ್ತು. ಒಂದು ಅಂಗಡಿಯಲ್ಲಿ ನಾನು ಬೇಡವೆನ್ನುವ ಮೊದಲೇ ಮಷೀನಿಗೆ ಹಿಡಿದು ಫಳಫಳ ಪಾಲಿಶ್ ಮಾಡಿಬಿಟ್ಟರು. ಮನೆಯಲ್ಲಿ ಹಳೆ ಬೆಳ್ಳಿ ಇದ್ದವರು ಅಂಟುವಾಳದ ನೀರಿನಲ್ಲಿ ತೊಳೆಯಿರಿ. ಮಷೀನಿನ ಹತ್ತಿರ ಮಾತ್ರ ಹೋಗಬೇಡಿ.

ಮಗಳು ಹೇಳುತ್ತಾಳೆ, “ಅಪ್ಪ, ಬೆಸುಗೆ ಬಿಡಿಸಿದರಾಯಿತು, ‘ಮ’ದ ಮುಂದೆ ಏನಿದೆ ಗೊತ್ತಾಗುತ್ತದೆ.” ನಿಜ, ಐದು ನಿಮಿಷದ ಕೆಲಸ. ಎರಡು ವರ್ಷದಿಂದ ಮುಂದೂಡುತ್ತಿದ್ದೇನೆ. ಅಡಿಯಲ್ಲಿ ಅಜ್ಜಿಯ ಹೆಸರು ಪೂರ್ತಿ ಇದ್ದರೆ ಬೆಳ್ಳಿ ಬಡಿದವನು ಮತ್ತೆ ಅನಾಮಿಕ. ಬೇರೆ ಹೆಸರಿದ್ದರೆ, ಓದು ಬರಹ ಬಾರದ ನಮ್ಮ ಅಜ್ಜಿಯದೆಂದು ಈ ಲೋಕದಲ್ಲಿ ಬರೆದಿಟ್ಟ ಒಂದೇ ಒಂದು ಅಕ್ಷರವೂ ಹೋಯಿತು. ಆ ಕೊಂಡಿಗೆ ಬೆಂಕಿ ತೋರಿಸಲೇ? ತೋರಿಸಿದರೆ ಯಾರ ಹೆಸರು ಸಿಗಲಿ ಎಂದು ಕೇಳಿಕೊಳ್ಳಲಿ?