ಚೀನಾದ ಗಗನದಲ್ಲಿ ಪರದೇಶದ ಗುರುಗಳು

1940ನೆಯ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ವಿಮಾನದ ಕಾರ್ಖಾನೆ ಸ್ಥಾಪಿತವಾದುದನ್ನು ನಾವೆಲ್ಲರೂ ಬಲ್ಲೆವು. ಆ ಕಾರ್ಯದಲ್ಲಿ ವಾಲ್‌ಚಂದ್ ಹೀರಾಚಂದರಿಗೂ ಮೈಸೂರು ಸರ್ಕಾರಕ್ಕೂ ನೆರವಾದ ಅಮೆರಿಕಾದ ವಿಲಿಯಂ ಪಾಲಿಯವರು ಅದಕ್ಕೂ ಮೊದಲೇ ಚೀನಾ ದೇಶಕ್ಕೆ ವಿಮಾನಗಳನ್ನು ಒದಗಿಸುತ್ತಿದ್ದವರು. ಆದರೆ ವಿಮಾನವನ್ನು ಕೊಂಡ ಮಾತ್ರಕ್ಕೆ ವೈಮಾನಿಕ ಬಲವು ಬಂದಂತಾಗುವುದಿಲ್ಲ. ಅದನ್ನು ಕಲಿಸಲು ಚೀನಾಕ್ಕೆ ಹೋದ ಪರದೇಶದವರ ವಿಷಯವನ್ನೇ ನಾವು ಇಂದು ಪ್ರಸ್ತಾಪಿಸುವೆವು.

ಮೊದಲು ಬಂದವರಲ್ಲಿ ಇಟಲಿಯವರೂ ಇದ್ದರು. ಅವರ ಶಾಲೆಯಲ್ಲಿ ಜೀವಸಹಿತ ಉಳಿದ ಶಿಷ್ಯರೆಲ್ಲರೂ ತೇರ್ಗಡೆಯಾಗುತ್ತಿದ್ದರೆಂದು ಕ್ಲೇರ್ ಶೆನಾಲ್ಟರು ಬರೆದಿದ್ದಾರೆ. ಪರೀಕ್ಷೆಗಳೊಡನೆ ಸದಾ ಹೆಣಗುವ ನಮ್ಮಂಥವರಿಗೆ ಇದರ ಫಲವನ್ನು ಬೇರೆ ವಿವರಿಸಬೇಕಾಗಿಲ್ಲ.

ಈ ಶೆನಾಲ್ಟರು ಕಿವಿ ಮಂದವಾಗಿ ಅಮೆರಿಕಾದ ಸೈನ್ಯದಿಂದ ನಿವೃತ್ತರಾದ ಕ್ಯಾಪ್ಟನ್ನರು. ಮೇಡಂ ಚಿಯಾಂಗ್ ಕೈಷೆಕ್‌ರವರ ಆಹ್ವಾನದಂತೆ 1937ರಲ್ಲಿ ಮೂರು ತಿಂಗಳ ಒಪ್ಪಂದದ ಮೇಲೆ ಅವರು ಚೀನಾಕ್ಕೆ ಬಂದರು. ಬಂದ ಸ್ವಲ್ಪ ಕಾಲದಲ್ಲಿಯೇ ಜಪಾನಿನೊಡನೆ ಯುದ್ಧವು ಹೊತ್ತಿಕೊಂಡಿತು. ಆಗಸ್ಟ್ 14ರಂದು ಷಾಂಘೈ ನಗರದ ನದಿಯಲ್ಲಿದ್ದ ಇಜುಮೋ ಎಂಬ ಜಪಾನೀ ಯುದ್ಧನೌಕೆಯ ಮೇಲೆ ಚೀನಾದ ವಿಮಾನಗಳು ಎರಗಿದುವು. ಆ ದಾಳಿಯ ಯೋಜನೆಯಲ್ಲಿ ಶೆನಾಲ್ಟರ ಕೈಯೂ ಇತ್ತು. ಎತ್ತರದಿಂದ ಬಾಂಬು ಹಾಕುವುದನ್ನು ಅಭ್ಯಾಸಮಾಡಿದ್ದ ತರುಣರು ಮೋಡಗಳ ದೆಸೆಯಿಂದ ಕೆಳಕ್ಕಿಳಿದರು. ಗುರಿ ನೋಡುವ ಯಂತ್ರವನ್ನು ಮಾತ್ರ ಹೊಸ ಎತ್ತರಕ್ಕೆ ಸರಿಪಡಿಸಿಕೊಳ್ಳಲಿಲ್ಲ. ಬಾಂಬುಗಳು ನೌಕೆಯನ್ನು ಬಿಟ್ಟು ಜನನಿಬಿಡವಾದ ಬೀದಿಗಳಲ್ಲಿ ಬಿದ್ದುವು. ನೂರುಗಟ್ಟಲೆ ನಿರಪರಾಧಿಗಳು ತಮ್ಮ ದೇಶದ ವಿಮಾನಗಳಿಂದಲೇ ಮಡಿದರು. ದೋಷವು ಹಾರಿದವರದೋ, ಸಲಹೆಯಿತ್ತವರದೋ? ಶಿಷ್ಯನ ಅಳವನ್ನು ಅರಿಯದೆ ಕೊಟ್ಟ ಪಾಠದಲ್ಲಿ ಗುರುವಿನ ಪಾಲೂ ಇದೆಯೆಂದೇ ನಮ್ಮ ಅಭಿಪ್ರಾಯ.

ಆ ವರ್ಷದ ಕೊನೆಯ ವೇಳೆಗೆ ಸೋವಿಯತ್ ರಷ್ಯಾ ವಿಮಾನಗಳನ್ನೂ ವೈಮಾನಿಕರನ್ನೂ ಗುಟ್ಟಾಗಿ ಕಳುಹಿಸತೊಡಗಿತು. ಅವರಲ್ಲಿ 200ಕ್ಕೂ ಹೆಚ್ಚು ಮಂದಿ ಆ ನೆಲದಲ್ಲಿ ಪ್ರಾಣ ತೆತ್ತರು.

ಶೆನಾಲ್ಟರು ಮರಳಿ ಹೋಗಲಿಲ್ಲ. ಅವರ ಅತ್ಯುತ್ತಮವಾದ ಸಲಹೆಗೆ ವಿಮಾನವೇ ಬೇಕಾಗಿರಲಿಲ್ಲ. ಶತ್ರು ವಿಮಾನಗಳು ಬರುವ ದಾರಿಯ ಊರುಗಳಲ್ಲಿ ಕಾವಲಿನವರನ್ನಿಡುವುದು. ಸದ್ದು ಕೇಳಿದೊಡನೆ ಅವರು ಟೆಲಿಫೋನಿನಲ್ಲಿಯೋ ರೇಡಿಯೋದಲ್ಲಿಯೋ ಸುದ್ದಿ ಮುಟ್ಟಿಸುವುದು. ಎಂದೂ ವಿಮಾನವನ್ನು ಹತ್ತದ ಹಳ್ಳಿಗರ ಕಣ್ಣು ಕಿವಿಗಳು, ಕಿವಿ ಮಂದವಾದ ಈ ಗುರುವಿಗೆ ಹೀಗೆ ಒದಗಿಬಂದುವು.

1941ರಲ್ಲಿ ಅಮೆರಿಕಾದ ಸ್ವಯಂಸೇವಕರ ದಳವನ್ನು ಶೆನಾಲ್ಟರು ಬರ್ಮಾದ ಟೌಂಗೂವಿನಲ್ಲಿ ತರಬೇತುಗೊಳಿಸಿದರು. ಕಾಗದದ ಮೇಲೆ ಇವರು ಯೋಧರಲ್ಲ, ನಮ್ಮ ಪಾಲಿಯವರ ಕಂಪನಿಯ ನೌಕರರು! ಜಪಾನೀಯರ ಹಗುರವಾದ ವಿಮಾನಗಳೊಡನೆ ಸುತ್ತಿ ಸುತ್ತಿ ಕಾದಬೇಡಿ, ಜೋಡಿಯಾಗಿ ಮೇಲಿನಿಂದೆರಗಿ ಹೊಡೆದು ಹೊರಟುಬಿಡಿ ಎಂಬುದೇ ಅವರಿಗಿತ್ತ ಪಾಠ. ಡಿಸೆಂಬರ್ 20ರಂದು ಹತ್ತು ಜಪಾನೀ ಬಾಂಬರುಗಳು ಕುನ್‌ಮಿಂಗಿನ ಕಡೆಗೆ ಬಂದುವು. ಅವು ತಲಪುವ ಮೊದಲೇ ಹಳ್ಳಿಗಳಿಂದ ಸುದ್ದಿ ತಲಪಿತ್ತು. ಕೆಲವು ಉರುಳಿದುವು, ಮಿಕ್ಕುವು ಬಾಂಬುಗಳನ್ನು ಬಯಲಿನಲ್ಲಿ ಚೆಲ್ಲಿ ಹಿಂದಿರುಗಿದುವು. ಆ ದಿನ ನಗರದ ಮೇಲೆ ಒಂದು ಬಾಂಬೂ ಬೀಳಲಿಲ್ಲ.