ಎರಡು ಗೋಡೆಗಳು: ಆಫ್ರಿಕಾ, ಮಡಗಾಸ್ಕರ ಮತ್ತು ನಮ್ಮ ಸಹ್ಯಾದ್ರಿ

(ಸಂಘದ ಉಪನ್ಯಾಸಮಾಲೆಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಭೂಪಟವೆಂದೊಡನೆ ಹೊರನಾಡಿನ ನಮ್ಮ ಸಂಘಗಳಲ್ಲಿ ಮೊದಲು ನೆನಪಾಗುವುದು 1967ರ ಮಹಾಜನ ವರದಿ. ಬೆಳಗಾವಿ, ಕಾಸರಗೋಡು, ಸೊಲ್ಲಾಪುರಗಳ ಹೆಸರೆತ್ತದೆ ನಮ್ಮ ಭೂಗೋಳ ಮುಗಿಯುವುದಿಲ್ಲ. ಅದು ಸಹಜವೂ ಹೌದು. ಆದರೆ ಧಾರವಾಡದಲ್ಲಿ ಭೂಗೋಳಶಾಸ್ತ್ರದ ಎಂ.ಎ. ಮುಗಿಸಿ, ಆಮೇಲೆ ಕೇಂದ್ರ ಸರಕಾರದ ಕಡತಗಳ ನಡುವೆ ಸುಮಾರು ಮೂರು ದಶಕ ಕಳೆದ ನನಗೆ, ಯಾವ ಆಯೋಗವೂ ಎಳೆಯದ ಒಂದು ಗಡಿಯ ಬಗೆಗೆ ಇಂದು ಮಾತನಾಡುವ ಆಸೆ. ಅದರ ಒಂದು ಅಂಚು ನಮ್ಮ ಸಹ್ಯಾದ್ರಿ. ಇನ್ನೊಂದು ಅಂಚು ಆಫ್ರಿಕಾದ ನೆರೆಯ ದ್ವೀಪದೇಶವಾದ ಮಡಗಾಸ್ಕರದಲ್ಲಿದೆ.

ಆಫ್ರಿಕಾ ಬಹುಮಟ್ಟಿಗೆ ಪ್ರಸ್ಥಭೂಮಿಗಳ ಖಂಡ. ಪೂರ್ವ ಮತ್ತು ದಕ್ಷಿಣ ಭಾಗಗಳು ಎತ್ತರ, ಕರಾವಳಿ ಕಿರಿದು. ಒಳನಾಡಿನಿಂದ ಬರುವ ನದಿಗಳು ಅಂಚಿನಲ್ಲಿ ಜಾರಿ ಬೀಳುವುದರಿಂದ ಹಡಗುಗಳು ದೂರ ಹೋಗಲಾರವು. ಜಾಂಬೆಜಿ ನದಿ ವಿಕ್ಟೋರಿಯಾ ಜಲಪಾತದಲ್ಲಿ ಧುಮುಕುವ ಬಂಡೆಯೂ ನಮ್ಮ ದಖನ್ನಿನಂತೆಯೇ ಲಾವಾ ಹೆಪ್ಪುಗಟ್ಟಿದ್ದು. ಆ ನದಿ ಸೇರುವುದು ಮೊಜಾಂಬಿಕ್ ಜಲಸಂಧಿಯನ್ನು. ಸುಮಾರು 400 ಕಿ.ಮೀ. ಅಗಲದ ಆ ನೀರಿನಾಚೆ ಮಡಗಾಸ್ಕರ: 5,87,000 ಚದರ ಕಿ.ಮೀ., ಜಗತ್ತಿನ ನಾಲ್ಕನೆಯ ದೊಡ್ಡ ದ್ವೀಪ. ನಮ್ಮ ಮುಂಬಯಿ ಸಮಭಾಜಕ ವೃತ್ತದಿಂದ ಉತ್ತರಕ್ಕೆ 19 ಡಿಗ್ರಿಯಲ್ಲಿದ್ದರೆ, ಅದರ ರಾಜಧಾನಿ ಅಂಟನಾನರಿವೊ ದಕ್ಷಿಣಕ್ಕೆ ಹೆಚ್ಚುಕಡಿಮೆ ಅಷ್ಟೇ ಡಿಗ್ರಿಯಲ್ಲಿದೆ.

ಈ ದ್ವೀಪದ ಪೂರ್ವ ಕರಾವಳಿಯನ್ನು ಭೂಪಟದಲ್ಲಿ ಗಮನಿಸಬೇಕು. ಅಳತೆಗೋಲಿಟ್ಟು ಎಳೆದಂತೆ ನೇರವಾಗಿದೆ. ಕಡಲಿನಿಂದ ಸ್ವಲ್ಪ ಒಳಗೆ ಕಡಿದಾದ ಘಟ್ಟ. ಅದನ್ನು ಹತ್ತಿದರೆ ಮಲೆನಾಡು. ಅಲ್ಲಿಂದ ಪಶ್ಚಿಮಕ್ಕೆ ನೆಲ ಮೆಲ್ಲಮೆಲ್ಲನೆ ಇಳಿಯುತ್ತದೆ. ದೊಡ್ಡ ನದಿಗಳಾದ ಬೆತ್ಸಿಬೊಕಾ, ತ್ಸಿರಿಬಿಹಿನಾ, ಮಂಗೋಕಿ ಮೂರೂ ಪಶ್ಚಿಮದ ಕಡೆಗೇ ಹರಿಯುತ್ತವೆ. ಈಗ ನಮ್ಮ ನಾಡನ್ನು ನೋಡಿ. ಕಡಿದಾದ ಮುಖ ಪಶ್ಚಿಮಕ್ಕೆ, ಇಳಿಜಾರು ಪೂರ್ವಕ್ಕೆ. ಅರಬ್ಬೀ ಸಮುದ್ರದಿಂದ ಸುಮಾರು 65 ಕಿ.ಮೀ. ದೂರದ ಮಹಾಬಳೇಶ್ವರದಲ್ಲಿ ಹುಟ್ಟುವ ಕೃಷ್ಣೆ, ಹತ್ತಿರದ ಕಡಲಿಗೆ ಬೆನ್ನು ಹಾಕಿ ಬಂಗಾಳ ಕೊಲ್ಲಿಯವರೆಗೆ ಸುಮಾರು 1,400 ಕಿ.ಮೀ. ಹೋಗುತ್ತಾಳೆ. ಕಾವೇರಿಯದೂ ಅದೇ ದಾರಿ. ಶರಾವತಿಯಂಥ ಕೆಲವರು ಮಾತ್ರ ಗೋಡೆಯನ್ನು ಸೀಳಿ ಪಶ್ಚಿಮಕ್ಕೆ ಧುಮುಕಿದ್ದಾರೆ. ಕನ್ನಡಿಯಲ್ಲಿ ಕಂಡ ಪ್ರತಿಬಿಂಬದಂತೆ ಎರಡೂ ಗೋಡೆಗಳು ಒಂದನ್ನೊಂದು ನೋಡುತ್ತಿವೆ.

ಕಾರಣ ಸರಳ. ಒಂದೇ ಮನೆ ಹಿಸ್ಸೆಯಾದದ್ದು. ಗೊಂಡ್ವಾನ ಎಂಬ ಮಹಾಖಂಡ ಒಡೆದಾಗ, ಸುಮಾರು 16 ಕೋಟಿ ವರ್ಷಗಳ ಹಿಂದೆ, ಭಾರತ ಮತ್ತು ಮಡಗಾಸ್ಕರ ಕೂಡಿಯೇ ಆಫ್ರಿಕಾದಿಂದ ಬೇರೆಯಾದವು. ಅವೆರಡೂ ಪರಸ್ಪರ ಅಗಲಿದ್ದು ಬಹಳ ತಡವಾಗಿ, ಸುಮಾರು 8.8 ಕೋಟಿ ವರ್ಷಗಳ ಹಿಂದೆ. ಅಂದರೆ ಮಡಗಾಸ್ಕರಕ್ಕೆ ಆಫ್ರಿಕಾ ನೆರೆಮನೆ, ಒಡಹುಟ್ಟು ನಾವು. ಧಾರವಾಡದ ಹೆಸರನ್ನೇ ಹೊತ್ತಿರುವ ಅತಿ ಪ್ರಾಚೀನ ಶಿಲಾಸಮೂಹಕ್ಕೆ ಹೊಂದುವ ಶಿಲೆಗಳನ್ನು ಭೂವಿಜ್ಞಾನಿಗಳು ಆ ದ್ವೀಪದ ಈಶಾನ್ಯದಲ್ಲಿ ಗುರುತಿಸಿದ್ದಾರೆ.

ಈ ಹಿಸ್ಸೆಗೆ ಪತ್ರವೇನಾದರೂ ಇದೆಯೇ ಎಂದು ಕೇಳಬಹುದು. ಇದೆ, ಈ ಸಭೆಯಲ್ಲಿರುವ ಉಡುಪಿ ಕಡೆಯವರೆಲ್ಲ ಅದನ್ನು ಕಂಡವರೇ. ಮಲ್ಪೆಯ ಎದುರಿನ ಸೇಂಟ್ ಮೇರೀಸ್ ದ್ವೀಪಗಳು. ವಾಸ್ಕೋ ಡ ಗಾಮ 1498ರಲ್ಲಿ ಅಲ್ಲಿ ಇಳಿದನೆಂಬ ಪ್ರತೀತಿಯನ್ನು ದೋಣಿಯವರೂ ಹೇಳುತ್ತಾರೆ. ಆದರೆ ಅಲ್ಲಿಯ ಆರುಮುಖದ ಕಂಬಶಿಲೆಗಳ ಚರಿತ್ರೆಯ ಮುಂದೆ ಗಾಮನದು ನಿನ್ನೆಯ ಸುದ್ದಿ. ಭಾರತ ಮತ್ತು ಮಡಗಾಸ್ಕರ ಬೇರ್ಪಡುವಾಗ ಬಿರುಕಿನಿಂದ ಉಕ್ಕಿದ ಲಾವಾ ತಣಿದು ಕುಗ್ಗಿ, ಒಣಗಿದ ಕೆರೆಯಂಗಳದ ಕೆಸರು ಬಿರಿಯುವಂತೆ ಬಿರಿದು, ಆ ಕಂಬಗಳಾದವು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಇಲಾಖೆ ಅದನ್ನು ರಾಷ್ಟ್ರೀಯ ಸ್ಮಾರಕವೆಂದು ಸಾರಿದೆ. ನಮ್ಮ ಅಂಧೇರಿಯ ಗಿಲ್ಬರ್ಟ್ ಹಿಲ್ಲಿನ ಕಂಬಗಳು ಇನ್ನೊಂದು ಹಿಸ್ಸೆಗೆ ಸೇರಿದವು: ಸುಮಾರು 6.6 ಕೋಟಿ ವರ್ಷಗಳ ಹಿಂದಿನ ದಖನ್ ಲಾವಾದ ಕಾಲದವು. ಸೆಶೆಲ್ಸ್ ದ್ವೀಪಗಳು ನಮ್ಮಿಂದ ಅಗಲಿದ್ದು ಆ ಆಸುಪಾಸಿನಲ್ಲಿ. ಕಲ್ಲುಗಣಿಗೆ ತುತ್ತಾಗಿ ಅಲ್ಲಿ ಉಳಿದಿರುವುದು ಒಂದು ಗುಡ್ಡದ ತುಂಡು, ಅದರ ನೆತ್ತಿಯ ಮೇಲೊಂದು ದೇವಿಯ ಗುಡಿ.

ಇಲ್ಲೊಂದು ಎಚ್ಚರಿಕೆಯ ಮಾತು. ಮಡಗಾಸ್ಕರದ ಲೆಮೂರ್ ಪ್ರಾಣಿಗಳಿಗೆ ಸಮಾಧಾನ ಹುಡುಕುತ್ತ 1864ರಲ್ಲಿ ಸ್ಕ್ಲೇಟರ್ ಎಂಬ ಇಂಗ್ಲಿಷ್ ಪ್ರಾಣಿಶಾಸ್ತ್ರಜ್ಞ ಹಿಂದೂ ಮಹಾಸಾಗರದಲ್ಲಿ ಮುಳುಗಿದ ‘ಲೆಮೂರಿಯ’ ಎಂಬ ಖಂಡವನ್ನು ಊಹಿಸಿದ. ವಿಜ್ಞಾನ ಅದನ್ನು ಕೈಬಿಟ್ಟರೂ ನೆರೆಯ ತಮಿಳುನಾಡಿನಲ್ಲಿ ಅದು ಭಾಷಾಭಿಮಾನಿಗಳ ಕೈಗೆ ಸಿಕ್ಕಿ ಕುಮರಿ ಖಂಡವಾಯಿತು. ‘ಧಾರವಾಡ ಶಿಲೆ’ ಎಂಬ ಹೆಸರು ಕಂಡು ನಮ್ಮವರೂ ಅಂಥ ಸಾಹಸಕ್ಕೆ ಕೈ ಹಾಕದಿರಲಿ. ಆ ಹೋಳುಗಳು ಬೇರ್ಪಟ್ಟಾಗ ಭೂಮಿಯ ಮೇಲೆ ಕನ್ನಡವೂ ಇರಲಿಲ್ಲ, ಮನುಷ್ಯನೂ ಇರಲಿಲ್ಲ. ಮಲಗಾಸಿ ಭಾಷೆಯನ್ನೇ ನೋಡಿ: ಅದು ಎದುರಿನ ಆಫ್ರಿಕಾದ್ದೂ ಅಲ್ಲ, ಒಡಹುಟ್ಟಿದ ಭಾರತದ್ದೂ ಅಲ್ಲ. ಬೋರ್ನಿಯೋ ಕಡೆಯಿಂದ ಸಾಗರ ದಾಟಿ ಬಂದ ನಾವಿಕರ ನುಡಿ.

ನೆಲ ಅಗಲಿದರೂ ಗಾಳಿಯ ನಂಟು ಉಳಿದಿದೆ. ಮಡಗಾಸ್ಕರದ ಪೂರ್ವದಲ್ಲಿ ಮಸ್ಕರೀನ್ ದ್ವೀಪಗಳ ಬಳಿ ಅಧಿಕ ವಾಯುಭಾರದ ಪ್ರದೇಶವಿದೆ. ಅಲ್ಲಿಂದ ಹೊರಟ ಗಾಳಿಯ ಒಂದು ಭಾಗ ಆ ದ್ವೀಪದ ಘಟ್ಟಕ್ಕೆ ತಗಲಿ ಮಳೆಗರೆಯುತ್ತದೆ. ದ್ವೀಪದ ಉತ್ತರ ತುದಿಯನ್ನು ಬಳಸಿ ಹೋದ ಭಾಗ ಪೂರ್ವ ಆಫ್ರಿಕಾದ ಎತ್ತರದ ನೆಲಕ್ಕೆ ಒತ್ತಿಕೊಂಡು, ಸಮಭಾಜಕ ವೃತ್ತ ದಾಟಿ, ಸೊಮಾಲಿಯಾದ ಬಳಿ ಬಲಕ್ಕೆ ತಿರುಗಿ ಜೂನ್ ತಿಂಗಳಲ್ಲಿ ನಮ್ಮ ಮೇಲೆ ನೈಋತ್ಯ ಮಾರುತವಾಗಿ ಎರಗುತ್ತದೆ. ಆಗುಂಬೆ ನೆನೆಯುತ್ತದೆ, ಚಳ್ಳಕೆರೆ ಒಣಗುತ್ತದೆ. ಅಲ್ಲಿಯೂ ಅದೇ ನ್ಯಾಯ: ಪೂರ್ವ ಕರಾವಳಿ ಹಸಿರು, ನೈಋತ್ಯದ ತುಲಿಯಾರಾ ಪಟ್ಟಣ ಮುಳ್ಳುಕುರುಚಲಿನ ನಾಡು.

ಇಷ್ಟನ್ನು ಹೇಳಿದ್ದು ಕುತೂಹಲಕ್ಕಾಗಿ ಮಾತ್ರವಲ್ಲ. ಎರಡೂ ಕಡೆ ಮಣ್ಣು ಒಂದೇ ಬಗೆಯದು: ಬಂಡೆ ಕೊಳೆತು ಆದ ಕೆಂಪು ಜಂಬಿಟ್ಟಿಗೆಯ ನೆಲ. ಮಡಗಾಸ್ಕರದ ಮಲೆನಾಡಿನಲ್ಲಿ ಗುಡ್ಡದ ಪಕ್ಕೆಯೇ ಕುಸಿದು ಬಾಯ್ದೆರೆದ ಕೊರಕಲುಗಳಿವೆ. ಅಲ್ಲಿಯವರು ಅವನ್ನು ‘ಲವಾಕ’ ಎನ್ನುತ್ತಾರೆ. ಅವು ಮನುಷ್ಯ ಬರುವ ಮೊದಲೂ ಇದ್ದವು. ಆದರೆ ದನಗಾಹಿಗಳು ನೆಲೆಸಿದ ಮೇಲೆ ಹೆಚ್ಚಿದವೆಂದು ಸಂಶೋಧಕರ ಅಭಿಪ್ರಾಯ. ಆ ಮಣ್ಣನ್ನು ಹೊತ್ತ ಬೆತ್ಸಿಬೊಕಾದ ಕೆಂಪು ಮುಖಜಭೂಮಿಯನ್ನು ಗಗನಯಾತ್ರಿಗಳು ಅಂತರಿಕ್ಷದಿಂದಲೇ ಚಿತ್ರ ತೆಗೆದಿದ್ದಾರೆ.

ನಮ್ಮಲ್ಲಿ ದನಗಳ ಬದಲು ಯಂತ್ರಗಳು ಬಂದಿವೆ. 2014ರಲ್ಲಿ ಪುಣೆ ಜಿಲ್ಲೆಯ ಮಾಳೀಣ, 2018ರಲ್ಲಿ ಕೊಡಗು, 2021ರಲ್ಲಿ ರಾಯಗಡದ ತಳಿಯೆ, 2024ರ ಜುಲೈ 16ರಂದು ಅಂಕೋಲೆಯ ಶಿರೂರು, ಅದೇ ತಿಂಗಳ 30ರಂದು ವಯನಾಡು. ಎಲ್ಲ ಕುಸಿತಗಳಿಗೂ ಒಂದೇ ಕಾರಣ ಹೇಳುವುದು ಶಾಸ್ತ್ರವಲ್ಲ. ಮಳೆಯ ಪಾಲು ದೊಡ್ಡದು. ಆದರೂ ಗುಡ್ಡದ ಬುಡವನ್ನು ನೆಟ್ಟಗೆ ಕಡಿದರೆ ಮೇಲಿನ ಕೊಳೆತ ಮಣ್ಣಿಗೆ ಆಸರೆ ತಪ್ಪುತ್ತದೆಂಬುದು ಎಂ.ಎ. ಓದದ ರೈತನಿಗೂ ಗೊತ್ತು. ನಮ್ಮ ಯೋಜನಾ ವರದಿಗಳಲ್ಲಿ ಆ ರೈತನ ತಿಳಿವಿಗೆ ಒಂದು ಪುಟ ಮೀಸಲಿದ್ದರೆ ಚೆನ್ನಾಗಿತ್ತು.

1998ರಿಂದ ಕೊಂಕಣ ರೈಲು ಪೂರ್ಣವಾಗಿ ಓಡುತ್ತಿದೆ. ಊರಿಗೆ ಹೋಗುವ ನಾವೆಲ್ಲ ಈ ಗೋಡೆಯ ಬುಡದಲ್ಲಿಯೇ ಹಾದುಹೋಗುತ್ತೇವೆ. ಮುಂದಿನ ಸಲ ಬೆಳಕಿದ್ದಾಗ ಎಡಗಡೆಯ ಕಿಟಕಿಯ ಬಳಿ ಕುಳಿತುಕೊಳ್ಳಿ. ರತ್ನಗಿರಿಯವರೆಗೆ ಕಾಣುವುದು ಲಾವಾದ ಮೆಟ್ಟಿಲು ಮೆಟ್ಟಿಲಾದ ಕಪ್ಪು ಬೆಟ್ಟ. ಕಾರವಾರ ದಾಟಿದ ಮೇಲೆ ಬರುವ ಬಂಡೆಗಳು ಅದಕ್ಕಿಂತ ಎಷ್ಟೋ ಹಳೆಯವು. ಅವುಗಳ ದಾಯಾದಿಗಳು ಸುಮಾರು ನಾಲ್ಕು ಸಾವಿರ ಕಿ.ಮೀ. ಆಚೆ ಕಡಲಿಗೆ ಎದುರಾಗಿ ನಿಂತಿದ್ದಾರೆ. ನಡುವೆ ಅಲ್ಲಲ್ಲಿ ಹೊಸದಾಗಿ ಕಡಿದ ಕೆಂಪು ಗಾಯಗಳೂ ಕಾಣುತ್ತವೆ.