ಕದ್ದ ಪ್ರೋಗ್ರಾಮಿಗೆ ಬೆಲೆ ತೆತ್ತವರು ಯಾರು?

1976ರ ಫೆಬ್ರುವರಿ 3ರಂದು ಅಮೆರಿಕದ ಆಲ್ಬುಕರ್ಕಿ ನಗರದಿಂದ ಇಪ್ಪತ್ತರ ಹರೆಯದ ತರುಣನೊಬ್ಬ ಬಹಿರಂಗ ಪತ್ರವೊಂದನ್ನು ಬರೆದ. ಪತ್ರದ ತುಂಬ ಸಿಟ್ಟು. ಆಲ್ಟೇರ್ ಎಂಬ ಪುಟ್ಟ ಗಣಕಯಂತ್ರಕ್ಕಾಗಿ ಅವನೂ ಅವನ ಗೆಳೆಯರೂ 'ಬೇಸಿಕ್' ಪ್ರೋಗ್ರಾಂ ಬರೆದಿದ್ದರು. ಅದಕ್ಕೆ ಬಳಸಿದ ಗಣಕದ ಸಮಯದ ಬೆಲೆಯೇ 40 ಸಾವಿರ ಡಾಲರ್ ದಾಟಿತ್ತೆಂದು ಅವನ ಲೆಕ್ಕ. ಆದರೆ ಆಲ್ಟೇರ್ ಕೊಂಡವರಲ್ಲಿ ನೂರಕ್ಕೆ ಹತ್ತು ಮಂದಿಯೂ ಬೇಸಿಕ್‌ಗೆ ಹಣ ಕೊಟ್ಟಿರಲಿಲ್ಲ. ಬಂದ ರಾಯಧನವನ್ನು ದುಡಿದ ಗಂಟೆಗಳಿಗೆ ಹಂಚಿದರೆ ಗಂಟೆಗೆ ಎರಡು ಡಾಲರೂ ಬೀಳುತ್ತಿರಲಿಲ್ಲ. ಆ ತರುಣನ ಹೆಸರು ಬಿಲ್ ಗೇಟ್ಸ್.

ಆಗ ಪ್ರೋಗ್ರಾಂ ಬರುತ್ತಿದ್ದುದು ತೂತು ಕೊರೆದ ಕಾಗದದ ಪಟ್ಟಿಯ ಮೇಲೆ. ಒಂದು ಪಟ್ಟಿ ಕೈಗೆ ಸಿಕ್ಕರೆ ಸಾಕು, ಯಂತ್ರಕ್ಕೆ ಕೊಟ್ಟು ಇನ್ನೊಂದನ್ನು ಕೊರೆಸಿಕೊಳ್ಳಬಹುದಿತ್ತು. ಕ್ಯಾಲಿಫೋರ್ನಿಯಾದ ಹವ್ಯಾಸಿಗಳ ಕೂಟದಲ್ಲಿ ಇಂಥ ಪಟ್ಟಿಗಳು ಕೈಯಿಂದ ಕೈಗೆ ದಾಟಿದವು.

ಇಷ್ಟಕ್ಕೇ ಕಥೆ ನಿಲ್ಲಿಸಿದರೆ ಹವ್ಯಾಸಿಗಳೆಲ್ಲ ಕಳ್ಳರು ಎಂದಾಗುತ್ತದೆ. ಅವರದೂ ಒಂದು ವಾದವಿತ್ತು. ಆಲ್ಟೇರ್ ಕಂಪನಿಯ ಮೆಮೊರಿ ಬೋರ್ಡ್ ಜತೆ ಕೊಂಡರೆ ಬೇಸಿಕ್ ಅಗ್ಗ. ಬರೀ ಬೇಸಿಕ್ ಬೇಕೆಂದರೆ ನೂರಾರು ಡಾಲರ್. ಆ ಬೋರ್ಡುಗಳೋ ಪದೇ ಪದೇ ಕೈಕೊಡುವಂಥವು. ಗಣಕವೇ ಸುಮಾರು 400 ಡಾಲರಿಗೆ ಸಿಗುತ್ತಿದ್ದಾಗ ಪ್ರೋಗ್ರಾಮಿಗೆ ಅಷ್ಟು ತೆರಲು ಯಾರಿಗೆ ಮನಸ್ಸು ಬಂದೀತು? ಬೋರ್ಡನ್ನು ಬೇರೆಯವರಿಂದ ಕೊಂಡರು, ಬೇಸಿಕ್ಕನ್ನು ನಕಲು ಮಾಡಿಕೊಂಡರು.

ಅದೇ 1976ರಲ್ಲಿ ಟಾಮ್ ಪಿಟ್‌ಮನ್ ಎಂಬ ಪ್ರೋಗ್ರಾಮರ್ ಬೇರೆ ದಾರಿ ಹಿಡಿದರು. ತಮ್ಮ 'ಟೈನಿ ಬೇಸಿಕ್'ಗೆ ಅವರಿಟ್ಟ ಬೆಲೆ ಐದೇ ಡಾಲರ್. ಐದು ಡಾಲರಿನ ಸರಕಿಗಾಗಿ ಪಟ್ಟಿ ಹುಡುಕಿ, ಯಂತ್ರ ಹುಡುಕಿ ನಕಲು ತೆಗೆಯುವ ತಾಪತ್ರಯ ಯಾರಿಗೆ ಬೇಕು? 1983ರಲ್ಲಿ ಬೋರ್ಲೆಂಡ್ ಕಂಪನಿಯೂ ಇದೇ ಜಾಡು ತುಳಿಯಿತು. ಅಂಥ ಪ್ರೋಗ್ರಾಮುಗಳು ನೂರಾರು ಡಾಲರಿಗೆ ಮಾರುತ್ತಿದ್ದ ಕಾಲದಲ್ಲಿ ಅದರ 'ಟರ್ಬೊ ಪ್ಯಾಸ್ಕಲ್' 49.95 ಡಾಲರಿಗೆ ಬಂತು. ಜತೆಗಿದ್ದ ಪರವಾನಗಿ ಪತ್ರ ಹೇಳಿದ್ದಿಷ್ಟು: ಇದನ್ನು ಪುಸ್ತಕದಂತೆ ಬಳಸಿ, ಯಾರಿಗೆ ಬೇಕಾದರೂ ಕೊಡಿ, ಆದರೆ ಒಂದೇ ಹೊತ್ತಿಗೆ ಇಬ್ಬರು ಬೇರೆ ಬೇರೆ ಕಡೆ ಓದುವಂತಿಲ್ಲ. ಕಾನೂನಿನ ಕಾಗದಗಳಲ್ಲಿ ಇಷ್ಟು ತಿಳಿಯಾದದ್ದು ಅಪರೂಪ.

ಈ ವ್ಯಾಪಾರದ ಗುಟ್ಟು ತೀರ ಸರಳ. ಈರುಳ್ಳಿ ಬೆಳೆದವನಿಗೆ ಎರಡನೆಯ ಮೂಟೆಗೂ ಮೊದಲ ಮೂಟೆಯಷ್ಟೇ ನೀರು, ಗೊಬ್ಬರ, ಕೂಲಿ ಬೇಕು. ತಂತ್ರಾಂಶಕ್ಕೆ ಖರ್ಚೆಲ್ಲ ಮೊದಲ ಪ್ರತಿಯಲ್ಲೇ. ಎರಡನೆಯದಕ್ಕೂ ಹತ್ತು ಲಕ್ಷನೆಯದಕ್ಕೂ ಹೆಚ್ಚುಕಡಿಮೆ ಸೊನ್ನೆ. ಹೀಗಾಗಿ ತಯಾರಿಕೆಯ ಖರ್ಚು ನೋಡಿ ಬೆಲೆ ಕಟ್ಟಲು ಬರುವುದಿಲ್ಲ. ಕೊಳ್ಳುವವನ ಜೇಬು ನೋಡಿಯೇ ಕಟ್ಟಬೇಕು. ನ್ಯೂಯಾರ್ಕಿನ ಜೇಬಿಗೆ ಹೊಲಿದ ಬೆಲೆಯನ್ನು ಬ್ಯಾಂಕಾಕಿನಲ್ಲೋ ಬೆಂಗಳೂರಿನಲ್ಲೋ ಕೇಳಿದರೆ ಗಿರಾಕಿ ನಕಲಿ ಸಿ.ಡಿ. ಹುಡುಕಿ ಹೋಗುತ್ತಾನೆ.

ಒಂದೊಂದು ನಕಲಿ ಪ್ರತಿಯೂ ಕಳೆದುಹೋದ ಒಂದೊಂದು ವ್ಯಾಪಾರ ಎಂಬ ಹಳೆಯ ಲೆಕ್ಕ ತಪ್ಪುವುದು ಇಲ್ಲೇ. ಸಾವಿರಾರು ರೂಪಾಯಿಯ ತಂತ್ರಾಂಶವನ್ನು ಪುಕ್ಕಟೆ ಹಾಕಿಸಿಕೊಂಡ ವಿದ್ಯಾರ್ಥಿ, ನಕಲು ಸಿಗದಿದ್ದರೆ ಅದನ್ನು ಕೊಳ್ಳುತ್ತಿರಲಿಲ್ಲ. ಬಿಟ್ಟುಬಿಡುತ್ತಿದ್ದ, ಇಲ್ಲವೇ ಅಗ್ಗದ ಇನ್ನೊಂದನ್ನು ಆರಿಸಿಕೊಳ್ಳುತ್ತಿದ್ದ.

ದೊಡ್ಡ ಕಂಪನಿಗಳಿಗೆ ನಿಜವಾದ ಭಯ ಆ 'ಇನ್ನೊಂದು'. 1998ರ ಹೊತ್ತಿಗೆ ಜಗತ್ತಿನ ಅತಿ ದೊಡ್ಡ ಶ್ರೀಮಂತರಾಗಿದ್ದ ಗೇಟ್ಸ್, ವಾಷಿಂಗ್ಟನ್ ವಿಶ್ವವಿದ್ಯಾಲಯದ ಸಭೆಯಲ್ಲಿ ಚೀನಾದ ಮಾತು ಬಂದಾಗ ಅದನ್ನು ಮುಚ್ಚಿಡಲಿಲ್ಲ. ಅಲ್ಲಿಯವರು ಕದಿಯುವುದೇ ಆದರೆ ನಮ್ಮದನ್ನೇ ಕದಿಯಲಿ. ಅದಕ್ಕೇ ಒಗ್ಗಿಹೋಗುತ್ತಾರೆ, ಹಣ ವಸೂಲಿಯ ದಾರಿ ಆಮೇಲೆ ಹುಡುಕಿದರಾಯಿತು ಎಂಬುದು ಅವರ ಮಾತಿನ ತಿರುಳು. 1976ರ ಸಿಟ್ಟು ಎಲ್ಲಿ ಹೋಯಿತೋ! 2003ರಲ್ಲಿ ಥಾಯ್ಲೆಂಡ್ ಸರ್ಕಾರ ಲಿನಕ್ಸ್ ಹಾಕಿದ ಅಗ್ಗದ ಗಣಕಗಳನ್ನು ಜನರಿಗೆ ಮಾರಲು ಹೊರಟಾಗ ಮೈಕ್ರೋಸಾಫ್ಟ್ ವಿಂಡೋಸ್ ಮತ್ತು ಆಫೀಸ್ ಎರಡನ್ನೂ ಸೇರಿಸಿ ಸುಮಾರು 40 ಡಾಲರಿಗೆ ಇಳಿಸಿತು. ನಕಲಿಗೆ ಬಗ್ಗದ ಬೆಲೆ ಪೈಪೋಟಿಗೆ ಬಗ್ಗಿತು.

ಹಾಗಾದರೆ ನಕಲಿಯಿಂದ ಕೆಟ್ಟವರು ಯಾರು? ಸಣ್ಣವರು. ದುಬಾರಿ ತಂತ್ರಾಂಶವೇ ಪುಕ್ಕಟೆ ದೊರೆಯುವಾಗ, ಅದರ ಅರ್ಧ ಕೆಲಸವನ್ನು ಕಾಲುಭಾಗದ ಬೆಲೆಗೆ ಮಾಡಿಕೊಡುವ ಊರಿನ ತಯಾರಕನ ಬಳಿ ಯಾರೂ ಸುಳಿಯುವುದಿಲ್ಲ. ಅವನ ಅಗ್ಗದ ಬೆಲೆ ಸೊನ್ನೆಗೆ ಸೋಲುತ್ತದೆ.

ನಮ್ಮಲ್ಲಿ ಕಾನೂನು ಇಲ್ಲದೇ ಇರಲಿಲ್ಲ. 1995ರ ಮೇ 10ರಂದು ಜಾರಿಗೆ ಬಂದ ಹಕ್ಕುಸ್ವಾಮ್ಯ ತಿದ್ದುಪಡಿಯ ಪ್ರಕಾರ, ನಕಲಿ ಎಂದು ತಿಳಿದೂ ಪ್ರೋಗ್ರಾಂ ಬಳಸಿದವರಿಗೆ ಏಳು ದಿನಗಳಿಂದ ಮೂರು ವರ್ಷಗಳವರೆಗೆ ಸೆರೆ, 50 ಸಾವಿರದಿಂದ ಎರಡು ಲಕ್ಷ ರೂಪಾಯಿವರೆಗೆ ದಂಡ. ಬಳಕೆ ಲಾಭಕ್ಕಾಗಿ ಅಲ್ಲದಿದ್ದರೆ ಸೆರೆವಾಸವನ್ನು ಬಿಡುವ ಅಧಿಕಾರ ನ್ಯಾಯಾಲಯಕ್ಕಿದೆ.

ಕನ್ನಡ ತಂತ್ರಾಂಶಗಳ ತಯಾರಕರು ಕಾನೂನಿಗಿಂತ ಬೀಗವನ್ನು ನಂಬಿದರು. ಪುಣೆಯ ಸಿ-ಡ್ಯಾಕ್ ಭಾರತೀಯ ಲಿಪಿಗಳನ್ನು 'ಜಿಸ್ಟ್' ಎಂಬ ಕಾರ್ಡಿನ ರೂಪದಲ್ಲಿ ಮಾರಿತು. ಕಾರ್ಡನ್ನು ಫ್ಲಾಪಿಗೆ ಇಳಿಸಿಕೊಳ್ಳಲಾದೀತೇ? ಆಮೇಲೆ ಬಂದ ಡಿ.ಟಿ.ಪಿ. ತಂತ್ರಾಂಶಗಳಲ್ಲಿ ಗಣಕದ ಬೆನ್ನಿಗೆ ಚುಚ್ಚುವ 'ಡಾಂಗಲ್' ಇರುತ್ತಿತ್ತು. ಅದು ಕಳೆದರೆ ಕೊಂಡ ಸರಕೇ ಬಂದ್. ಅಸಲಿ ಗಿರಾಕಿಗೇ ಹೆಚ್ಚು ಕಿರಿಕಿರಿ. ಒಂದೊಂದರ ಅಕ್ಷರ ಸಂಕೇತವೂ ಬೇರೆಯಾದ್ದರಿಂದ, ಒಂದರಲ್ಲಿ ಬರೆದದ್ದು ಇನ್ನೊಂದರಲ್ಲಿ ಗೀಚಿದಂತೆ ಕಾಣುತ್ತಿತ್ತು.

1998ರಲ್ಲಿ ಶೇಷಾದ್ರಿ ವಾಸು 'ಬರಹ'ವನ್ನು ಉಚಿತವಾಗಿ ಬಿಟ್ಟಾಗ ದೇಶ ವಿದೇಶಗಳ ಕನ್ನಡಿಗರು ಅದನ್ನು ಬಾಚಿಕೊಂಡರು. ಕದಿಯುವ ಪ್ರಮೇಯವೇ ಬರಲಿಲ್ಲ. ಕನ್ನಡ ಗಣಕ ಪರಿಷತ್ತಿನ 'ನುಡಿ'ಯೂ ಸರ್ಕಾರದ ಬೆಂಬಲದಿಂದ ಉಚಿತವಾಗಿಯೇ ಬಂತು. ಮುಂದೆ 'ಬರಹ'ದ ಹೊಸ ಆವೃತ್ತಿಗಳಿಗೆ ಬೆಲೆ ನಿಗದಿಯಾಯಿತು.